ಹಿಂದಿನವರನ್ನು ಕರಗಿಸುವ ಪೈಪೋಟಿ

ನಮ್ಮ ಮನೆಯಲ್ಲಿ ಎರಡು ಕ್ಯಾಮೆರಾ ಕಂಪನಿಗಳ ಹೆಸರು ಕಿವಿಗೆ ಬೀಳುವಷ್ಟು ಸಲ ದೇವರ ಹೆಸರೂ ಬೀಳುವುದಿಲ್ಲ. ಆ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಬಿಟ್ಟಿ ಪ್ರಚಾರ, ಆ ಕೆಲಸವನ್ನು ನಮ್ಮ ಕಡೆಯ ಗಂಡಸರು ಈಗಾಗಲೇ ಮಾಡುತ್ತಿದ್ದಾರೆ. ಕೊರಳಲ್ಲಿ ತೂಗುವ ಕ್ಯಾಮೆರಾದ ಪಟ್ಟಿಯ ಮೇಲೆ ಕಂಪನಿಯ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಅದು ಎದುರಿನವರಿಗೆ ಕಾಣುವಂತೆ ತಿರುಗಿಸಿ ಹಾಕಿಕೊಳ್ಳುತ್ತಾರೆ. ಕಂಪನಿಯವರು ಇವರ ಕೊರಳಿಗೆ ಬಾಡಿಗೆ ಕೊಡುವುದಿಲ್ಲ, ಇವರೇ ಕೈಯಿಂದ ದುಡ್ಡು ಕೊಟ್ಟು ಕೊರಳೊಡ್ಡಿದ್ದಾರೆ. ನಾನು ಒಂದನ್ನು ಹಳೆ ಕಂಪನಿ ಎನ್ನುತ್ತೇನೆ, ಇನ್ನೊಂದನ್ನು ಹೊಸ ಕಂಪನಿ. ಹಳೆಯದು ನನ್ನ ತವರಿನದು, ಹೊಸದು ಗಂಡನ ಮನೆಯದು.

ತವರು ಎಂದರೆ ಲಿಂಗಸುಗೂರು. ಅಲ್ಲಿ ನನ್ನ ಅಣ್ಣನ ಫೋಟೋ ಸ್ಟುಡಿಯೋ ಇದೆ. ಸಿಂಧನೂರಿನಲ್ಲಿ ನನ್ನ ಗಂಡನದು. ನಡುವೆ ಮಸ್ಕಿ. ನನ್ನ ಮದುವೆಯ ಕಾಲಕ್ಕೆ ಇಬ್ಬರೂ ಹಳೆ ಕಂಪನಿಯವರೇ ಆಗಿದ್ದರು. ಸಂಬಂಧ ನೋಡುವಾಗ ನಮ್ಮ ಅವ್ವ ಹುಡುಗನ ಗುಣ ಕೇಳಿದಳು, ಅಪ್ಪ ಹೊಲ ಕೇಳಿದ, ಅಣ್ಣ ಮಾತ್ರ ಅವನ ಹತ್ತಿರ ಯಾವ ಕ್ಯಾಮೆರಾ ಇದೆ ಎಂದು ಕೇಳಿದ. ಉತ್ತರ ಅವನಿಗೆ ಒಪ್ಪಿಗೆಯಾಯಿತು, ನನ್ನನ್ನು ಕೊಟ್ಟರು. ಒಬ್ಬನ ಲೆನ್ಸು ಇನ್ನೊಬ್ಬನಿಗೆ ಆಗುತ್ತದೆ, ದೊಡ್ಡ ಲಗ್ನ ಸಿಕ್ಕರೆ ಇಬ್ಬರೂ ಕೂಡಿ ಹೋಗಬಹುದು ಎಂಬ ಲೆಕ್ಕ ಅದರಲ್ಲಿತ್ತು. ಜಾತಕ ಕೂಡಿದ್ದು ನಂದೂ ಅವರದ್ದೂ ಅಲ್ಲ, ಲೆನ್ಸುಗಳದ್ದು.

ನಾನು ಮಾಡುವುದು ಆಲ್ಬಂ ಕೆಲಸ. ಅವರು ತೆಗೆದುಕೊಂಡು ಬಂದದ್ದನ್ನು ಕಂಪ್ಯೂಟರಿನ ಮುಂದೆ ಕುಳಿತು ಆರಿಸುತ್ತೇನೆ, ಕತ್ತರಿಸುತ್ತೇನೆ, ಕಪ್ಪಗಿದ್ದವರನ್ನು ಅವರ ಅಪ್ಪಣೆಯಂತೆ ಬೆಳ್ಳಗೆ ಮಾಡುತ್ತೇನೆ. ಕವಿತಾಳದ ಬಿಸಿಲಲ್ಲಿ ತೆಗೆದ ಜೋಡಿಯನ್ನು ಹಿಮದ ಬೆಟ್ಟದ ಮುಂದೆ ನಿಲ್ಲಿಸಿದ್ದೇನೆ. ಒಂದು ಮದುವೆಯಲ್ಲಿ ಗಂಡಿನ ಕಾಕಾ ಬಂದು, ಹಿಂದೆ ಹಂಸ ಇರಲಿ, ಎರಡು ಇರಲಿ ಎಂದು ಹೇಳಿ ಹೋದ. ಅವರ ಮನೆಯ ಗೋಡೆಯ ಮೇಲೆ ಆ ಎರಡು ಹಂಸ ಇಂದಿಗೂ ಇವೆ. ಆದ್ದರಿಂದ ಫೋಟೋ ಎಂದರೆ ಸತ್ಯ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ವರ್ಷಕ್ಕೊಮ್ಮೆಯಾದರೂ ಕಂಪನಿಯವರು ಸಿಂಧನೂರಿಗೆ ಬರುತ್ತಾರೆ. ಹಳೆ ಕಂಪನಿಯವರು ಒಂದು ಕಲ್ಯಾಣ ಮಂಟಪ ಹಿಡಿದರೆ ಹೊಸ ಕಂಪನಿಯವರು ಅದಕ್ಕಿಂತ ದೊಡ್ಡದನ್ನು ಹಿಡಿಯುತ್ತಾರೆ. ಅದಕ್ಕೆ ಕಾರ್ಯಾಗಾರ ಎಂದು ಹೆಸರು. ಅರ್ಧ ಇಂಗ್ಲಿಷು, ಅರ್ಧ ಹೈದರಾಬಾದಿ ಹಿಂದಿ ಮಾತಾಡುವ ಒಬ್ಬ ಮನುಷ್ಯ ಇಸ್ತ್ರಿಯ ಅಂಗಿ ತೊಟ್ಟು ನಿಂತು, ಎದುರಾಳಿ ಕಂಪನಿಯ ಕ್ಯಾಮೆರಾದಲ್ಲಿ ಏನೇನು ಇಲ್ಲ ಎಂಬುದನ್ನು ಹೇಳುತ್ತಾನೆ. ತಮ್ಮದರಲ್ಲಿ ಏನಿದೆ ಎಂದು ಹೇಳಲು ಅವರಿಗೆ ಅಷ್ಟು ಉಮೇದು ಇರುವುದಿಲ್ಲ. ಊಟಕ್ಕೆ ಮೊದಲು ಟೋಪಿ ಹಂಚುತ್ತಾರೆ. ನಲವತ್ತು ದಾಟಿದ ಗಂಡಸರು, ಮಕ್ಕಳಿಗೆ ಕಾಲೇಜಿನ ಫೀಸು ಕಟ್ಟುವವರು, ಆ ಟೋಪಿಗಾಗಿ ಸಾಲಿನಲ್ಲಿ ತಳ್ಳಾಡುತ್ತಾರೆ. ನನ್ನ ಗಂಡ ಎರಡು ತಂದಿದ್ದರು. ಒಂದು ನಿನಗೆ ಎಂದರು. ನಾನು ಅದನ್ನು ಕರಿಬೇವಿನ ಗಿಡದ ಹತ್ತಿರ ನೆಟ್ಟ ಬೆದರುಗೊಂಬೆಗೆ ಹಾಕಿದೆ, ಅದಕ್ಕೆ ಬರೋಬ್ಬರಿ ಒಪ್ಪಿತು.

ಮೊದಮೊದಲು ಊಟದ ಮೇಲೆ ಫೋಟೋದವರನ್ನೆಲ್ಲ ಗೊರೇಬಾಳದ ಕಡೆ ಕರೆದುಕೊಂಡು ಹೋಗುತ್ತಿದ್ದರು. ಕಾಲುವೆ ನೀರಿನ ಭತ್ತದ ಗದ್ದೆ, ಹಸಿರು ಚೆನ್ನಾಗಿ ಬರುತ್ತದೆ ಎಂದು. ಹುಬ್ಬಳ್ಳಿಯ ಕಡೆಯಿಂದ ಕರೆತಂದ ಒಬ್ಬ ಹುಡುಗಿಯನ್ನು ಬದುವಿನ ಮೇಲೆ ಲಂಗ ಹರಡಿ ನಿಲ್ಲಿಸುವರು. ಇವರೆಲ್ಲ ಎದುರಿನ ಬದುವಿನ ಮೇಲೆ ಕೊಕ್ಕರೆಗಳಂತೆ ಸಾಲಾಗಿ ನಿಂತು ಒಂದೇ ಹುಡುಗಿಯನ್ನು ಒಂದೇ ಮಗ್ಗುಲಿನಿಂದ ನೂರಾರು ಸಲ ಕ್ಲಿಕ್ ಹೊಡೆಯುವರು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರಂತೆ. ಒಬ್ಬಳು, "ಇಷ್ಟು ಮಂದಿ ಸೇರಿ ಒಬ್ಬಾಕಿನ್ನ ನೋಡಾಕ ಬಂದೀರಿ, ಆಕಿಗೆ ಗಂಡು ಗೊತ್ತಾಗ್ಯಾನೋ ಇಲ್ಲೋ?" ಎಂದು ಕೇಳಿದಳಂತೆ. ನನ್ನ ಗಂಡ ಇದನ್ನು ಅವಳ ದಡ್ಡತನ ಎಂದು ಬಂದು ಹೇಳಿದರು.

ಆ ಕಾಲದ ದೊಡ್ಡ ಪೈಪೋಟಿ ಕರಗಿಸುವುದರ ಮೇಲೆ ನಡೆದಿತ್ತು. ಮೊದಲು ಸಣ್ಣ ಡಬ್ಬಿ ಕ್ಯಾಮೆರಾಗಳಿದ್ದವು. ಅದರಲ್ಲಿ ಮದುಮಗಳೂ ಕಾಣುತ್ತಿದ್ದಳು, ಹಿಂದೆ ನಿಂತ ಸೋದರತ್ತೆಯೂ ಕಾಣುತ್ತಿದ್ದಳು, ಹಂದರದ ಕಂಬಕ್ಕೆ ಕಟ್ಟಿದ ಬಾಳೆಗೊನೆಯೂ, ಅದನ್ನು ಕೀಳುತ್ತಿರುವ ಹುಡುಗರೂ ಕಾಣುತ್ತಿದ್ದರು. ಅದು ಬಡವರ ಫೋಟೋ ಎಂದು ಕಂಪನಿಯವರು ತೀರ್ಮಾನಿಸಿದರು. ಶ್ರೀಮಂತರ ಫೋಟೋದಲ್ಲಿ ಮದುಮಗಳೊಬ್ಬಳೇ ಕಾಣಬೇಕು, ಹಿಂದಿನದೆಲ್ಲ ಕರಗಿ ಹೋಗಬೇಕು. ನಮ್ಮ ಲೆನ್ಸು ಇಷ್ಟು ಕರಗಿಸುತ್ತದೆ ಎಂದು ಹಳೆ ಕಂಪನಿ ಹೇಳಿದರೆ, ನಮ್ಮದು ಅದಕ್ಕಿಂತ ಹೆಚ್ಚು ಎಂದು ಹೊಸ ಕಂಪನಿ ಹೇಳಿತು. ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ನಮ್ಮ ಊರಿನ ಫೋಟೋದವರು ಇದನ್ನೇ ವಾದ ಮಾಡುತ್ತಿದ್ದರು. ಒಬ್ಬನ ಬ್ಲರ್ ಕೆನೆ ಇದ್ದಂಗ, ಇನ್ನೊಬ್ಬನದು ಬೆಣ್ಣಿ ಇದ್ದಂಗ. ಹೈನದ ವ್ಯಾಪಾರಿಗಳು ಕೂಡ ಅಷ್ಟು ಬಿಸಿಯಾಗಿ ಮಾತಾಡುವುದನ್ನು ನಾನು ಕೇಳಿಲ್ಲ. ಕರಗಿ ಹೋಗುತ್ತಿದ್ದವರು ಮದುವೆಗೆ ಬಂದ ಮನುಷ್ಯರು ಎಂಬುದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಹೊಸ ಕಂಪನಿಯವರು ಇನ್ನೊಂದು ಮಾಯೆ ತಂದರು. ಅವರ ಕ್ಯಾಮೆರಾ ತಾನಾಗಿ ಕಣ್ಣು ಹುಡುಕುತ್ತದೆಯಂತೆ. ಎದುರಿಗಿರುವವರ ಕಣ್ಣನ್ನು ಹಿಡಿದು, ಅದು ಚೊಕ್ಕಟವಾಗಿ ಮೂಡುವಂತೆ ತಾನೇ ನೋಡಿಕೊಳ್ಳುತ್ತದೆಯಂತೆ. ಇವರು ಗುಂಡಿ ಒತ್ತಿದರೆ ಮುಗಿಯಿತು. ಇಷ್ಟು ವರ್ಷ ತಾವು ಮಾಡುತ್ತ ಬಂದ ಒಂದೇ ಒಂದು ಕೈಗೆಲಸವನ್ನೂ ಯಂತ್ರವೇ ಮಾಡುತ್ತದೆ ಎಂದರೆ ಬೇರೆ ಕಸುಬಿನವರು ಹೆದರುತ್ತಿದ್ದರು. ನಮ್ಮವರು ಚಪ್ಪಾಳೆ ತಟ್ಟಿದರು. ನನ್ನ ಗಂಡ ಹಳೆಯದನ್ನೆಲ್ಲ ಮಾರಿ ಹೊಸದನ್ನು ತಂದೇಬಿಟ್ಟರು. ಪೂಜೆ ಮಾಡಿ, ನಿಂಬೆಹಣ್ಣು ಕಟ್ಟಿ, ಅದರ ಪೆಟ್ಟಿಗೆಯನ್ನು ಕೂಡ ದೇವರ ಜಗುಲಿಯ ಹತ್ತಿರ ಇಟ್ಟರು. ಸುದ್ದಿ ಲಿಂಗಸುಗೂರಿಗೆ ಮುಟ್ಟಿದಾಗ ಅಣ್ಣ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: "ನಿಮ್ಮ ಮನಿಯವ್ರು ಹಿಂಗ ಮಾಡ್ತಾರಂತ ಗೊತ್ತಿದ್ರ ನಾ ಅವತ್ತ ಇನ್ನೊಂದು ಕಡಿ ನೋಡ್ತಿದ್ನಿ."

ಅವನು ತಮಾಷೆಗೆ ಹೇಳಿದನೆಂದು ಆಗ ತಿಳಿದಿದ್ದೆ.

ಹೊಸ ಕ್ಯಾಮೆರಾ ಹೊತ್ತು ಹೋದ ಮೊದಲ ಲಗ್ನಗಳಲ್ಲಿ ಒಂದು ಪಾಮನಕಲ್ಲೂರಿನದು. ಹುಡುಗಿ ಆ ಊರಿನವಳು, ತಂದೆ ಇಲ್ಲ, ತಾಯಿ ಕೂಲಿ ಮಾಡಿ ಬೆಳೆಸಿದ್ದಳು. ಹುಡುಗ ಮಸ್ಕಿಯವನು, ಕಚೇರಿಯೊಂದರಲ್ಲಿ ನೌಕರಿ. ಫೋಟೋ, ವಿಡಿಯೋ ಎರಡೂ ಬೇಕೆಂದು ಗಂಡಿನ ಕಡೆಯವರು ಹೇಳಿದ್ದರಿಂದ ನನ್ನ ಗಂಡ ವಿಡಿಯೋಗೆ ಅಣ್ಣನನ್ನು ಕರೆದರು. ಇಂಥ ಲಗ್ನಗಳಲ್ಲಿ ಅವರದೊಂದು ರೂಢಿ ಇತ್ತು. ಕೆಲಸ ಮುಗಿದ ಮೇಲೆ ಇಬ್ಬರ ಮೆಮೊರಿ ಕಾರ್ಡಿನಲ್ಲಿದ್ದದ್ದನ್ನೂ ಇಬ್ಬರೂ ತಮ್ಮ ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವರು. ಒಬ್ಬನದು ಹೋದರೆ ಇನ್ನೊಬ್ಬನ ಹತ್ತಿರ ಇರಲಿ ಎಂದು. ಅವರು ಮಾಡಿದ ಬುದ್ಧಿವಂತ ಕೆಲಸ ಅದೊಂದೇ.

ನಮ್ಮ ಕಡೆ ಅಕ್ಕಿಕಾಳಿನ, ಎಂದರೆ ಅಕ್ಷತೆ ಹಾಕುವ, ಹೊತ್ತಿಗೆ ಗಂಡು ಹೆಣ್ಣು ಇಬ್ಬರ ಹಣೆಗೂ ಬಾಸಿಂಗ ಕಟ್ಟುತ್ತಾರೆ. ಅದರಿಂದ ಮುತ್ತಿನ ಸರ, ಹೂವಿನ ಎಳೆ ಕಣ್ಣಿನ ಮೇಲೆ ಇಳಿಬಿದ್ದಿರುತ್ತವೆ. ಹುಡುಗಿ ತಲೆ ಬಗ್ಗಿಸಿದರಂತೂ ಮುಗಿಯಿತು, ಕಣ್ಣಿಲ್ಲ, ಮೂಗಿಲ್ಲ, ಬರೀ ಬಾಸಿಂಗ. ಇಷ್ಟು ದೊಡ್ಡ ದೇಶಕ್ಕೆ ಕ್ಯಾಮೆರಾ ಮಾರಲು ಬಂದ ಹೊಸ ಕಂಪನಿಗೆ ಬಾಸಿಂಗ ಎಂಬುದೊಂದಿದೆ ಎಂದು ಗೊತ್ತಿರಲಿಲ್ಲ. ಅವರ ಮಾಯದ ಯಂತ್ರ ಮದುಮಗಳಲ್ಲಿ ಕಣ್ಣು ಹುಡುಕಿತು, ಸಿಗಲಿಲ್ಲ. ಮದುಮಗನಲ್ಲಿ ಹುಡುಕಿತು, ಅಲ್ಲಿಯೂ ಸಿಗಲಿಲ್ಲ. ಆಗ ಅದು ಹಿಂದಕ್ಕೆ ಜಿಗಿದು, ಹಂದರದ ಕಂಬದ ಹತ್ತಿರ ನಿಂತಿದ್ದ ಒಬ್ಬ ಹೆಂಗಸಿನ ಕಣ್ಣು ಹಿಡಿಯಿತು. ಅಕ್ಕಿಕಾಳು ಬೀಳುವ ಕ್ಷಣ, ಇಡೀ ಮದುವೆಯ ಮುಖ್ಯ ಕ್ಷಣ, ಮದುಮಕ್ಕಳು ಹೊಗೆಯಂತೆ ಮಸುಕಾಗಿದ್ದರು. ಹಿಂದಿನ ಹೆಂಗಸು ಚೊಕ್ಕಟವಾಗಿ ಮೂಡಿದ್ದಳು.

ನನ್ನ ಗಂಡ ಮನೆಗೆ ಬಂದವರೇ ಆ ಫೋಟೋಗಳನ್ನು ಒಂದೊಂದಾಗಿ ಅಳಿಸಿಹಾಕಿದರು. ನಾನು ಕುಳಿತುಕೊಳ್ಳುವ ಕುರ್ಚಿಯ ಹತ್ತಿರ ಬರಲೂ ನನ್ನನ್ನು ಬಿಡಲಿಲ್ಲ. ಅಕ್ಕಿಕಾಳಿನ ಪುಟಕ್ಕೆ ಅಣ್ಣನ ವಿಡಿಯೋದಿಂದ ಒಂದು ಚಿತ್ರ ಎತ್ತಿ ಹಾಕಿದೆ. ಅದರಲ್ಲಿ ಹಳೆ ಕಂಪನಿಯ ಲೆನ್ಸು ಹಿಂದಿನವರನ್ನೆಲ್ಲ ಕೆನೆಯಂತೆ ಕರಗಿಸಿತ್ತು. ಗಂಡಿನ ಕಡೆಯವರು ಆಲ್ಬಂ ನೋಡಿ ಭಾರೀ ಆಗೈತಿ ಎಂದರು.

ಇವರು ಕಂಪನಿಯ ಮನುಷ್ಯನಿಗೆ ಫೋನು ಮಾಡಿ ಜಗಳ ತೆಗೆದರು. ಅವನು ನಡುವೆ ನಡುವೆ ಸಾರಿ ಸಾರಿ ಎನ್ನುತ್ತ ಎಲ್ಲ ಕೇಳಿ, ಕೊನೆಗೆ, ದೋಷ ಕ್ಯಾಮೆರಾದ್ದಲ್ಲ, ಆ ಹಣೆಯ ಮೇಲಿನ ವಸ್ತುವಿನದು, ಅದನ್ನು ಸ್ವಲ್ಪ ಮೇಲೆ ಕಟ್ಟಿಸಿ ಎಂದನು. ಇದಕ್ಕೆ ಬೇರೆ ಯಾರಾದರೂ ಆಗಿದ್ದರೆ ಫೋನು ಒಗೆಯುತ್ತಿದ್ದರು. ನನ್ನ ಗಂಡ ಮುಂದಿನ ಲಗ್ನದಲ್ಲಿ ನಿಜಕ್ಕೂ ಐನೋರ ಹತ್ತಿರ ಹೋಗಿ, ಬಾಸಿಂಗ ಜರಾ ಮೇಲಕ್ಕೆ ಕಟ್ಟುತ್ತೀರಾ ಎಂದು ಕೇಳಿದರು. ಐನೋರು ಮಂತ್ರ ನಿಲ್ಲಿಸಿ ಇವರ ಮುಖ ನೋಡಿ, "ಬಾಸಿಂಗ ಕಟ್ಟೋದು ಹಣಿಗಿ, ನಿನ್ ಕ್ಯಾಮೆರಾಕ್ಕಲ್ಲ. ಆ ಕಡಿ ಸರಿ" ಎಂದರಂತೆ. ಕೆಲವು ತಿಂಗಳು ಕಳೆದ ಮೇಲೆ ಕಂಪನಿಯವರು ಏನೋ ಸಾಫ್ಟ್‌ವೇರ್ ಕಳಿಸಿದರು, ಆ ರೋಗ ವಾಸಿಯಾಯಿತು. ಈಗ ಒಮ್ಮೆ ಮದುಮಗಳನ್ನು ತೋರಿಸಿಬಿಟ್ಟರೆ ಅದು ಅವಳನ್ನು ಬಿಟ್ಟು ಕದಲುವುದಿಲ್ಲ. ಹಿಂದೆ ಯಾರು ನಿಂತಿದ್ದರೂ ಅದಕ್ಕೆ ಸಂಬಂಧವಿಲ್ಲ.

ಆದರೆ ಅಣ್ಣನ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪ್ರತಿ ಇತ್ತಲ್ಲ. ಅವನು ಅಂಥದೊಂದು ಫೋಟೋ ಆರಿಸಿ, ಹಿಂದಿನ ಹೆಂಗಸಿನ ಮುಖಕ್ಕೆ ಕೆಂಪು ಗೆರೆ ಸುತ್ತಿ, ಜಿಲ್ಲೆಯ ಫೋಟೋದವರ ವಾಟ್ಸಾಪ್ ಗುಂಪಿಗೆ ಹಾಕಿದ. ಹೊಸ ಕಂಪನಿಯ ಕಣ್ಣು ಮದುಮಗಳನ್ನು ಬಿಟ್ಟು ಮುದುಕಿಯ ಮೇಲೆ ಬಿದ್ದಿದೆ ಎಂದು ಕೆಳಗೆ ಬರೆದಿದ್ದ. ನೂರಾರು ಮಂದಿ ಹಲ್ಲು ಕಿರಿಯುವ ಮುಖಗಳನ್ನು ಕಳಿಸಿದರು. ನನ್ನ ಗಂಡ ಫೋನನ್ನು ನನ್ನ ಕಣ್ಣಿಗೆ ಹಿಡಿದು, "ನೋಡು, ನಿಮ್ಮಣ್ಣ ನನ್ ಮರ್ಯಾದಿ ಬಜಾರಕ್ಕ ಹಾಕ್ಯಾನ" ಎಂದು ಕೂಗಾಡಿದರು. ಮರ್ಯಾದೆ ಹೋದದ್ದು ಇವರದು ಎಂದೇ ನಾನೂ ತಿಳಿದೆ, ಕಣ್ಣಿಗೆ ಕಂಡದ್ದು ಒಂದು ಕೆಂಪು ವೃತ್ತ ಮಾತ್ರ. ಆ ವರ್ಷ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಅಣ್ಣ ಬಂದಾಗ ಇಬ್ಬರೂ ಪಡಸಾಲೆಯಲ್ಲಿ ಕುಳಿತು ಎರಡು ಪರದೇಶಿ ಕಂಪನಿಗಳ ಸಲುವಾಗಿ ಬೈದಾಡಿಕೊಂಡರು. ಉಂಡಿಯ ತಾಟು ಹಾಗೇ ಉಳಿಯಿತು. ಅಣ್ಣ ಹೊಸ್ತಿಲಿನಿಂದಲೇ ಹೊರಟುಹೋದ, ನಾನು ಆ ಪಂಚಮಿಗೆ ತವರಿಗೆ ಹೋಗಲಿಲ್ಲ. ಮುಂದೆ ಅವ್ವನನ್ನು ನೋಡಲು ಹೋದಾಗಲೂ ಮನೆಗೆ ಹೋಗಿ ಮನೆಯಿಂದಲೇ ಬರುತ್ತಿದ್ದೆ, ಅವನ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆ ಕಂಪನಿಗಳ ಮಾಲೀಕರು ಇದನ್ನು ಕೇಳಿದ್ದರೆ ಲಿಂಗಸುಗೂರು ಎಲ್ಲಿದೆ ಎಂದು ಕೇಳುತ್ತಿದ್ದರು.

ಇದಾಗಿ ಕೆಲವು ವರ್ಷಗಳ ಮೇಲೆ, ಕಳೆದ ಬೇಸಿಗೆಯಲ್ಲಿ, ಪಾಮನಕಲ್ಲೂರಿನ ಆ ಹುಡುಗಿ ನಮ್ಮ ಅಂಗಡಿಗೆ ಬಂದಳು. ಮಸ್ಕಿಯಿಂದ ಬಸ್ಸಿಗೆ ಬಂದಿದ್ದಳು, ಕೈಚೀಲದಲ್ಲಿ ಮದುವೆಯ ಆಲ್ಬಂ ಇತ್ತು. ಅವಳ ಕಣ್ಣು ಊದಿದ್ದನ್ನು ನೋಡಿ ಕೂರಿಸಿ ನೀರು ಕೊಟ್ಟೆ. ಅವಳ ತಾಯಿ ತೀರಿಕೊಂಡಿದ್ದಳು. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವಾಗ ಎದೆ ಹಿಡಿದುಕೊಂಡು ಕುಳಿತವಳು ಏಳಲಿಲ್ಲ. ದಿವಸ ಹತ್ತಿರ ಬಂದಿತ್ತು. ದಿವಸದ ದಿನ ಫೋಟೋ ಇಟ್ಟು, ಹಾರ ಹಾಕಿ, ಎಡೆ ಹಿಡಿಯಬೇಕು. ತಾಯಿಯ ಫೋಟೋ ಇಲ್ಲ.

"ಒಂದೂ ಇಲ್ಲೇನು, ಫೋನಿನ್ಯಾಗಾದ್ರೂ?" ಎಂದು ಕೇಳಿದೆ.

"ತೆಗಿಯಾಕ ಹೋದ್ರ ಸೆರಗು ಅಡ್ಡ ಹಿಡೀತಿದ್ಲರೀ ಅಕ್ಕಾರ. ಮಕಾ ತೊಳಕೊಂಡಿಲ್ಲ, ಬ್ಯಾಡ ಬ್ಯಾಡ ಅಂತಿದ್ಲು. ಆಧಾರ್ ಕಾರ್ಡಿಂದೊಂದ ಐತಿ."

ಅದರ ಝೆರಾಕ್ಸ್ ತಂದಿದ್ದಳು. ಇಂಥ ಕೆಲಸ ನಮಗೆ ಹೊಸದಲ್ಲ. ಕಾರ್ಡಿನ ಮುಖ ಕತ್ತರಿಸಿ, ಕಂಪ್ಯೂಟರಿನಲ್ಲಿ ಮೊದಲೇ ಇರುವ ರೇಷ್ಮೆ ಸೀರೆಯ ಮೈಗೆ ಅಂಟಿಸಿ, ಹಿಂದೆ ನೀಲಿ ಬಣ್ಣ ತುಂಬಿ ಕೊಟ್ಟುಬಿಡುತ್ತೇವೆ. ಈ ಮೂರು ತಾಲೂಕಿನ ಎಷ್ಟೋ ಅಜ್ಜಿಯರು ಗೋಡೆಯ ಮೇಲೆ ಒಂದೇ ಸೀರೆ ಉಟ್ಟಿದ್ದಾರೆ. ಹಾಗೆ ಮಾಡಿ ಪರದೆಯ ಮೇಲೆ ತೋರಿಸಿದೆ. ಹುಡುಗಿ ಬಹಳ ಹೊತ್ತು ನೋಡಿ ತಲೆಯಾಡಿಸಿದಳು.

"ಇಕಿ ನಮ್ಮವ್ವ ಅಲ್ರೀ. ಬ್ಯಾರೆ ಯಾರೋ ಅದಾಳ."

ಆಮೇಲೆ ಆಲ್ಬಂ ತೆಗೆದಳು. ತಾಯಿ ವಿಧವೆ, ವೇದಿಕೆ ಹತ್ತಿರಲಿಲ್ಲ. ಧಾರೆ ಎರೆದದ್ದು ಸೋದರಮಾವ ಮತ್ತು ಅವನ ಹೆಂಡತಿ. ಅಕ್ಕಿಕಾಳಿನ ಹೊತ್ತಿಗೆ ಗಂಡ ಇಲ್ಲದ ಹೆಂಗಸು ಎದುರಿಗೆ ಬರಬಾರದು ಎಂದು ನಮ್ಮ ಮಂದಿ ಮಾಡಿಟ್ಟಿದ್ದಾರಲ್ಲ, ಹೆತ್ತವಳಾದರೂ ಅಷ್ಟೇ. ಹುಡುಗಿ ಪುಟ ತಿರುವಿ, ನಾನೇ ಹಾಕಿದ್ದ ಅಕ್ಕಿಕಾಳಿನ ಚಿತ್ರದಲ್ಲಿ ಬೆರಳಿಟ್ಟಳು. ಮದುಮಕ್ಕಳ ಹಿಂದೆ, ಕಂಬದ ಪಕ್ಕ, ನಶ್ಯದ ಬಣ್ಣದ ಒಂದು ಮುದ್ದೆ ಇತ್ತು.

"ಇಲ್ಲಿ ಅದಾಳರೀ ನಮ್ಮವ್ವ. ಆ ಸೀರಿ ನಾನ ಕೊಡಿಸಿದ್ದು."

ಆಗ ನನ್ನ ಗಂಡ ಒಳಗಿನಿಂದ ಬಂದು ಬಗ್ಗಿ ನೋಡಿದರು. ಸತ್ತವಳ ಸುದ್ದಿ ಅವರಿಗೂ ಕೇಳಿಸಿತ್ತು. ಆದರೂ ಕಸುಬಿನ ಚಟ ಬಾಯಿಗೆ ಮೊದಲು ಬಂತು. "ಖರೆ ಹೇಳಬೇಕಂದ್ರ ಇದು ಚಲೋ ಕರಗೈತಿ," ಎಂದರು. "ಹಳೀ ಕಂಪನಿದಾದ್ರೂ ಈ ಲೆನ್ಸ್ ಭಾಳ ಚಂದ ಕರಗಸ್ತೈತಿ."

ಹುಡುಗಿ ಅವರ ಮುಖ ನೋಡಿದಳು. "ಕರಗಿದ್ದನ್ನ ತಿರುಗಿ ಗಟ್ಟಿ ಮಾಡಾಕ ಬರತೈತೇನ್ರೀ?" ಎಂದು ಕೇಳಿದಳು.

"ಬರಂಗಿಲ್ಲ ತಂಗಿ," ಎಂದು ಅವರು ಒಳಗೆ ಹೋದರು. ನನಗೆ ಆ ಹೊತ್ತಿಗೆ ಅವರ ಮೇಲೆ, ಅವರ ಕೊರಳ ಪಟ್ಟಿಯ ಮೇಲೆ, ಲೆನ್ಸು ಮಾಡುವ ಪ್ರಪಂಚದ ಎಲ್ಲ ಕಂಪನಿಗಳ ಮೇಲೆ ಒಟ್ಟಿಗೆ ಅಸಹ್ಯ ಬಂತು. ಪೈಪೋಟಿಯ ಮೇಲೆ ಪೈಪೋಟಿ ನಡೆಸಿ ಇವರು ಸಾಧಿಸಿದ್ದು ಇದು. ಒಬ್ಬ ತಾಯಿಯನ್ನು ಊರವರು ಹಿಂದಕ್ಕೆ ನಿಲ್ಲಿಸಿದರು, ಹಿಂದೆ ನಿಂತವಳನ್ನು ಇವರು ಕರಗಿಸಿದರು.

ಹಿಂದೆ, ಕಂಬದ ಹತ್ತಿರ ಅವಳು ಬೆರಳಿಟ್ಟು ತೋರಿಸಿದ್ದು ಆಗ ತಲೆಯಲ್ಲಿ ಕುಳಿತಿತು. ಕೆಂಪು ವೃತ್ತದ ಆ ಫೋಟೋ ನೆನಪಾಯಿತು. ಕೂಡಲೇ ಅಣ್ಣನಿಗೆ ಫೋನು ಹಚ್ಚಿದೆ. ನನ್ನ ದನಿ ಕೇಳಿ ಅವನಿಗೆ ಖುಷಿಯಾಯಿತು, ಆದರೆ ಬಿಂಕ ಬಿಡಲಿಲ್ಲ. ಪಾಮನಕಲ್ಲೂರಿನ ಆ ಕೆಟ್ಟ ಫೋಟೋ ಇದೆಯೇ ಎಂದು ಕೇಳಿದೆ.

"ಇಲ್ಲದ ಏನು? ಅದನ್ನ ಜ್ವಾಪಾನ ಮಾಡಿ ಇಟ್ಟೀನಿ. ಯಾಕ, ನಿಮ್ಮ ಮನಿಯವರಿಗೆ ಬೇಕಾತೇನು?"

"ನನಗ ಬೇಕು. ಈಗ ಬರ್ತೀನಿ."

"ಬಾ, ಬಾ. ಅಂಗಡಿಗೇ ಬಾ," ಎಂದ.

ಯಾಕೆ ಬೇಕು ಎಂದು ಫೋನಿನಲ್ಲಿ ಹೇಳಲಿಲ್ಲ, ಹುಡುಗಿ ಪಕ್ಕದಲ್ಲೇ ಇದ್ದಳು. ಗಂಡನಿಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದೆ. ಎಲ್ಲಿಗೆ ಎಂದು ಅವರಿಗೆ ತಿಳಿಯಿತು, ಮುಖ ಗಂಟಿಕ್ಕಿಕೊಂಡರು, ತಡೆಯಲಿಲ್ಲ. ನಾವಿಬ್ಬರೂ ಲಿಂಗಸುಗೂರಿನ ಬಸ್ಸು ಹತ್ತಿದೆವು. ಭತ್ತದ ಗದ್ದೆಗಳು ಮುಗಿದು ಮಸ್ಕಿ ಬಂತು, ಮಸ್ಕಿ ದಾಟಿದ ಮೇಲೆ ಬೆಳೆ ಕೊಯ್ದು ಖಾಲಿಯಾದ ಕರಿ ಹೊಲಗಳು. ದಾರಿಯಲ್ಲಿ ಹುಡುಗಿಗೆ ಒಂದು ಮಾತು ಹೇಳಿದೆ. ಕ್ಯಾಮೆರಾ ತಪ್ಪಿ ನಿಮ್ಮವ್ವನ ಮೇಲೆ ಬಿದ್ದ ಒಂದು ಫೋಟೋ ಇರಬಹುದು, ಸರಿಯಾಗಿ ಬಂದಿಲ್ಲ ಎಂದು ಅದನ್ನು ಬಿಟ್ಟಿದ್ದರು ಎಂದೆ. ಗುಂಪಿನಲ್ಲಿ ನಕ್ಕದ್ದನ್ನು ಹೇಳಲು ನಾಲಿಗೆ ಏಳಲಿಲ್ಲ.

ಅಣ್ಣನ ಅಂಗಡಿಯ ಬಾಗಿಲಿಗೆ ಬಂದಾಗ ನಾನು ಮುಂದಿದ್ದೆ, ಅವಳು ಹಿಂದೆ. ಒಳಗೆ ಕಾಲಿಡುವ ಮೊದಲೇ ಕಂಡಿತು. ಎದುರು ಗೋಡೆಯ ಮೇಲೆ, ಗಿರಾಕಿ ಬಂದರೆ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ, ಆ ಫೋಟೋ ದೊಡ್ಡದಾಗಿ ತೂಗುತ್ತಿತ್ತು. ಗಾಜು ಹಾಕಿಸಿ ಕಟ್ಟು ಹಾಕಿಸಿದ್ದ. ಕೆಳಗೆ ಒಂದು ಚೀಟಿ ಅಂಟಿಸಿದ್ದ: ಬೇರೆಯವರ ಹತ್ತಿರ ಹೋದರೆ ನಿಮ್ಮ ಮದುವೆಯೂ ಹೀಗೇ. ಕೆಂಪು ಬಾಣದ ಗುರುತೊಂದು ಹಿಂದಿನ ಹೆಂಗಸಿನ ಮುಖ ತೋರಿಸುತ್ತಿತ್ತು. ಒಂದೇ ಒಂದು ಫೋಟೋಗೂ ಮುಖ ಕೊಡದ ಹೆಂಗಸನ್ನು ನನ್ನ ಅಣ್ಣ ಈ ಊರ ಬಜಾರದಲ್ಲಿ ವರ್ಷಗಟ್ಟಲೆ ನೇತು ಹಾಕಿದ್ದ. ಅದೂ ಒಂದು ಕಂಪನಿಯ ಮಾನ ಕಳೆಯಲು, ಇನ್ನೊಂದು ಕಂಪನಿಯ ಮಾನ ಕಾಯಲು.

ಹುಡುಗಿ ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದಳು. ಗೋಡೆಯ ಹತ್ತಿರ ಹೋಗಿ ನಿಂತಳು. ಚೀಟಿಯನ್ನು ಓದಿದಳೋ ಇಲ್ಲವೋ, ನನಗೆ ತಿಳಿಯಲಿಲ್ಲ.

"ಬಾ ತಂಗಿ," ಎಂದು ಅಣ್ಣ ನನಗೆ ಕೈಮಾಡಿ, ನಗುತ್ತ ಅವಳಿಗೂ ಹೇಳಿದ, "ಎಲ್ಲಾರೂ ಇದನ್ನ ನೋಡಿ ನಗ್ತಾರವ್ವ. ಹೊಸಾ ಕಂಪನಿ ಹಣೇಬರಹ."

"ಇದು ನಮ್ಮವ್ವರೀ," ಎಂದಳು ಹುಡುಗಿ.

ಅಣ್ಣನ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು. ತಾಯಿ ತೀರಿಕೊಂಡದ್ದನ್ನು, ದಿವಸಕ್ಕೆ ಫೋಟೋ ಬೇಕಾದದ್ದನ್ನು ನಾನೇ ಹೇಳಿದೆ. ಅವನು ಕುರ್ಚಿ ಹಾಕಿಕೊಂಡು ಹತ್ತಿ ಕಟ್ಟನ್ನು ಇಳಿಸಿದ, ಉಗುರಿನಿಂದ ಚೀಟಿ ಕೆರೆದು ತೆಗೆದ. ಅಂಟು ಗಟ್ಟಿಯಾಗಿತ್ತು, ಪೂರ್ತಿ ಬರಲಿಲ್ಲ. ಅವನಿಗೆ ಏನೂ ಬೈಯಲಿಲ್ಲ ನಾನು. ಬೈದರೆ ಹಗುರವಾಗಿಬಿಡುತ್ತಾನೆ ಎನ್ನಿಸಿತು.

ಟೇಬಲ್ಲಿನ ಮೇಲೆ ಇಟ್ಟ ಆ ಫೋಟೋವನ್ನು ನಾನು ಆಗ ಮೊದಲ ಸಲ ಸರಿಯಾಗಿ ನೋಡಿದೆ. ಮುಂದೆ ಬಣ್ಣದ ಮೋಡದಂತೆ ಮದುಮಗಳು. ಹಿಂದೆ ಕಂಬಕ್ಕೆ ಒರಗಿದ ತಾಯಿ. ಬಿಸಿಲಿಗೆ ಸೀಳಿದ ತುಟಿ, ಹಣೆಯ ಗೆರೆ, ಕಿವಿಯ ಹತ್ತಿರದ ಬಿಳಿ ಕೂದಲು, ಎಲ್ಲವೂ ಎಣಿಸುವಷ್ಟು ಸ್ಪಷ್ಟ. ಅವಳು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಎದೆಯ ಹತ್ತಿರ ಹಿಡಿದ ಮುಷ್ಟಿಯ ಬೆರಳ ಸಂದಿಯಲ್ಲಿ ಹಳದಿ ಅಕ್ಕಿಕಾಳು ಇಣುಕುತ್ತಿದ್ದವು. ಹಾಕಬಾರದು ಎಂದಿದ್ದರೂ ಯಾರಿಂದಲೋ ಇಸಿದುಕೊಂಡು ಬಿಗಿಯಾಗಿ ಹಿಡಿದಿದ್ದಳು.

ಹುಡುಗಿ ಗಾಜಿನ ಮೇಲೆ ಆ ಮುಷ್ಟಿಯನ್ನು ಮುಟ್ಟಿದಳು. "ನನ್ ಹಿಂದ ನಿಂತಿದ್ಲರೀ ಅಕ್ಕಾರ. ಬಾಸಿಂಗ ಕಟ್ಟಿದ ಮ್ಯಾಲ ತಿರುಗಿ ನೋಡಬ್ಯಾಡ ಅಂದಿದ್ರು. ನಾ ನೋಡಲಿಲ್ಲ." ಆಮೇಲೆ ಅತ್ತಳು. ಅಣ್ಣ ಹೊರಗೆ ಹೋಗಿ ಚಹಾ ಹೇಳಿ ಬಂದು, ಇಂಥ ಹೊತ್ತಿನಲ್ಲಿ ಚಹಾ ಹೇಳಿದ್ದಕ್ಕೆ ತಾನೇ ನಾಚಿಕೊಂಡವನಂತೆ ಕಂಪ್ಯೂಟರಿನ ಮುಂದೆ ಕುಳಿತ. ಮೂಲ ಫೋಟೋ ತೆರೆದ. ಅದರಲ್ಲಿ ಬಾಣವೂ ಇರಲಿಲ್ಲ, ವೃತ್ತವೂ ಇರಲಿಲ್ಲ.

"ಹೊಸಾದು ಪ್ರಿಂಟ್ ಹಾಕಿ, ಬ್ಯಾರೆ ಕಟ್ಟು ಕಟ್ಟಿಸಿಕೊಡ್ತೀನಿ ತಂಗಿ," ಎಂದ ಅವಳಿಗೆ. ದನಿ ಮೆತ್ತಗಾಗಿತ್ತು. "ಮುಂದ ನೀ ಮಸುಕಾಗಿ ನಿಂತೀದಿ. ನಿನ್ನಷ್ಟು ಕತ್ತರಿಸಿ ತಗದು, ಅವ್ವನ್ನ ಒಬ್ಬಾಕಿನ್ನ ಇಡ್ತೀನಿ. ಬದುಕಿರೋರ ಫೋಟೋಕ್ಕ ಹಾರ ಹಾಕಬಾರದು, ಚಲೋ ಅಲ್ಲ."

ಅವನು ಹೇಳಿದ್ದು ರೂಢಿಯ ಮಾತು. ನಾನಾದರೂ ಅದನ್ನೇ ಹೇಳುತ್ತಿದ್ದೆ, ಇಪ್ಪತ್ತು ನಿಮಿಷದ ಕೆಲಸ. ಅವನ ಕೈ ಮೌಸಿನ ಮೇಲೆ ಇತ್ತು, ಕತ್ತರಿಸುವ ಗೆರೆ ಮದುಮಗಳ ಭುಜದ ಹತ್ತಿರ ಬಂದು ನಿಂತಿತ್ತು.

ಹುಡುಗಿ ಸೆರಗಿನಿಂದ ಮುಖ ಒರೆಸಿಕೊಂಡು ಪರದೆಯನ್ನು ನೋಡಿದಳು.

"ಬ್ಯಾಡ್ರೀ ಅಣ್ಣಾರ. ಅಕಿ ನನ್ನ ನೋಡಾಕತ್ತಾಳ. ನನ್ನ ತಗದ್ರ ಅಕಿ ಯಾರನ್ನ ನೋಡಬೇಕು?"

ಅಣ್ಣ ಮೌಸಿನ ಮೇಲಿನ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.